ಬುಗುರಿ ಮೇಸ್ತ್ರಿ ಹಾಕಿದ ಕಚ್ಚು

ಬುಗುರಿ ಮೇಸ್ತ್ರಿ ಕುರ್ಚಿಯ ಮೇಲೆ ಕೂತದ್ದನ್ನು ಕಣ್ಣಾರೆ ಕಂಡವರು ಆ ಹಡಗುಕಟ್ಟೆಯಲ್ಲಿ ಇಬ್ಬರೇ. ಅವರಲ್ಲಿ ಒಬ್ಬ ತೀರಿಕೊಂಡಿದ್ದಾನೆ, ಇನ್ನೊಬ್ಬನ ಮಾತನ್ನು ಯಾರೂ ನಂಬುವುದಿಲ್ಲ. ಕಾರ್ಖಾನೆಯಲ್ಲಿ ಅವನದೆಂದು ಒಂದು ಕುರ್ಚಿಯೇನೋ ಇತ್ತು. ಮೂವತ್ತೊಂದು ವರ್ಷ ಕಳೆದರೂ ಅದರ ಬಣ್ಣ ಮಾಸಿರಲಿಲ್ಲ. ಸವೆದದ್ದು ನೆಲ. ಬೆಂಚಿನಿಂದ ಬಾಗಿಲಿಗೆ, ಬಾಗಿಲಿನಿಂದ ಬೆಂಚಿಗೆ ಅವನು ಓಡಾಡಿದ ಜಾಡಿನಲ್ಲಿ ಸಿಮೆಂಟು ಎಷ್ಟು ತಗ್ಗಾಗಿತ್ತೆಂದರೆ, ಮಳೆಗಾಲದಲ್ಲಿ ಅಲ್ಲಿ ನೀರು ಹರಿಯುತ್ತಿತ್ತು. ಒಮ್ಮೆ ಮೀನೂ ಬಂದಿತ್ತು ಎನ್ನುವವರಿದ್ದಾರೆ. ಮೀನು ಬಂದದ್ದು ಸುಳ್ಳೇ ಇರಬಹುದು. ನೀರು ಹರಿದದ್ದು ನಿಜ.

ಅವನ ಕೆಲಸ ಲಾಂಚರಿನದು. ಯುದ್ಧದ ಹಡಗಿನ ಹಿಂಬದಿಯ ಡೆಕ್ಕಿನ ಮೇಲೆ, ಎಂಟು ಡಬ್ಬಗಳನ್ನು ಎರಡು ಸಾಲಾಗಿ ಜೋಡಿಸಿದ, ಮೊಲದ ಗೂಡಿನಂಥ ಒಂದು ಯಂತ್ರ ಇರುತ್ತದೆ. ಡಬ್ಬಕ್ಕೊಂದು ಕ್ಷಿಪಣಿ. ದೂರದ ಕಾವಲನ್ನೆಲ್ಲ ತಪ್ಪಿಸಿಕೊಂಡು ಹಡಗಿನ ಮೂಗಿನ ತನಕ ನುಗ್ಗಿ ಬಂದ ವಿಮಾನವನ್ನು ಕೊನೆಯ ಗಳಿಗೆಯಲ್ಲಿ ಹೊಡೆದುರುಳಿಸಲು ಇಟ್ಟದ್ದು ಅದು. ಹಗೆ ಯಾವ ದಿಕ್ಕಿನಿಂದ ಬರುತ್ತದೋ ಹೇಳಲಾಗದು. ಹಾಗಾಗಿ ಗೂಡು ಸುತ್ತಲೂ ಗಿರ್ರನೆ ತಿರುಗಬೇಕು. ತಿರುಗುವ ಭರದಲ್ಲಿ ಒಂದೇ ಒಂದು ಅಪಾಯ. ಎದುರಿಗೆ ಹಗೆಯ ಬದಲು ಸ್ವಂತ ಹಡಗಿನ ಹೊಗೆಕೊಳವೆಯೋ ದೋಣಿ ಎತ್ತುವ ಕ್ರೇನೋ ಬಂದರೂ, ಗುಂಡಿ ಒತ್ತಿದರೆ ಅದು ಹಾರಿಸಿಯೇ ಬಿಡುತ್ತದೆ. ಕಬ್ಬಿಣಕ್ಕೆ ತನ್ನ ಮನೆ, ಪರರ ಮನೆ ಎಂಬ ಭೇದವಿಲ್ಲ.

ಆ ಭೇದವನ್ನು ಅದಕ್ಕೆ ಕಲಿಸುವವನೇ ಬುಗುರಿ ಮೇಸ್ತ್ರಿ. ಲಾಂಚರಿನ ಬುಡದಲ್ಲಿ ಊಟದ ತಟ್ಟೆಯಷ್ಟಗಲದ ಹಿತ್ತಾಳೆ ಬಿಲ್ಲೆಯೊಂದು ಗೂಡಿನ ಜೊತೆಗೇ ತಿರುಗುತ್ತದೆ. ಅದರ ಅಂಚಿನ ಮೇಲೆ ಒಂದು ಸಣ್ಣ ಗಾಲಿ ಉರುಳುತ್ತಿರುತ್ತದೆ. ಅಂಚಿನಲ್ಲಿ ಎಲ್ಲಿ ಕಚ್ಚು ಇದೆಯೋ ಅಲ್ಲಿ ಗಾಲಿ ಒಳಗೆ ಬೀಳುತ್ತದೆ, ಒಳಗೆ ಬಿದ್ದೊಡನೆ ಕರೆಂಟು ತಪ್ಪುತ್ತದೆ, ಹಸಿರು ದೀಪ ಆರುತ್ತದೆ. ಆಮೇಲೆ ಸಾಕ್ಷಾತ್ ನೌಕಾಪಡೆಯ ಮುಖ್ಯಸ್ಥನೇ ಗುಂಡಿಯ ಮೇಲೆ ಹತ್ತಿ ಕುಣಿದರೂ ಕ್ಷಿಪಣಿ ಹೊರಡದು. ಆ ಕಚ್ಚುಗಳನ್ನು ಅರದಿಂದ ಉಜ್ಜಿ ಉಜ್ಜಿ ಮಾಡುವುದು ಅವನ ಕೆಲಸ. ಹೊಸ ಹಡಗುಗಳಲ್ಲಿ ಇದನ್ನೆಲ್ಲ ಕಂಪ್ಯೂಟರ್ ನೋಡಿಕೊಳ್ಳುತ್ತದಂತೆ. ಅವನ ಪಾಲಿಗೆ ಬರುತ್ತಿದ್ದವು ಹಳೆಯವು, ಅವನ ಹಾಗೆಯೇ ಕೀಲುಗಳಲ್ಲಿ ಸದ್ದು ಬರುವಂಥವು.

ಕಚ್ಚು ಎಲ್ಲಿ ಬೇಕೆಂದು ನಕ್ಷೆ ಹೇಳುತ್ತದೆ. ಆದರೆ ಬುಗುರಿ ನಕ್ಷೆಯನ್ನು ನಂಬಿದವನಲ್ಲ. "ನಕ್ಷೆ ಬರೆದವನು ಹಡಗು ನೋಡಿದಾನೋ ಇಲ್ವೋ, ನಾನು ನೋಡಿದೀನಿ" ಎನ್ನುವುದು ಅವನ ಮಾತು. ಒಂದು ಡಬ್ಬವನ್ನು ಖಾಲಿ ಮಾಡಿಸಿ, ಅದರ ಹಿಂಬದಿಗೆ ಕಣ್ಣಿಟ್ಟು, ಗೂಡನ್ನು ಇಂಚಿಂಚೇ ತಿರುಗಿಸುತ್ತ ಹೋಗುತ್ತಿದ್ದ. ಕೊಳವೆಯ ಆಚೆ ಆಕಾಶ ಕಂಡರೆ ಸರಿ. ಹಡಗಿನ ಚೂರು ಕಂಡರೂ ಬಿಲ್ಲೆಗೆ ಸುಣ್ಣದ ಗುರುತು, ಗುರುತಿನ ಎರಡೂ ಕಡೆಗೆ ಎರಡು ಬೆರಳು ಹೆಚ್ಚಿಗೆ. ಹಾಗೆ ಮೂವತ್ತೊಂದು ವರ್ಷದಲ್ಲಿ ನಲವತ್ತು ಹಡಗುಗಳಿಗೆ ಕಚ್ಚು ಹಾಕಿದ್ದ. ಒಂದು ಹಡಗೂ ತನ್ನ ಕಿವಿಯನ್ನು ತಾನೇ ಹಾರಿಸಿಕೊಂಡಿರಲಿಲ್ಲ. ಅದನ್ನು ಅವನು ದಿನಕ್ಕೆ ಎಂಟು ಸಲವಾದರೂ ಹೇಳದೆ ಬಿಟ್ಟವನಲ್ಲ.

ನಲವತ್ತೊಂದನೆಯ ಹಡಗು ಏಳು ತಿಂಗಳು ದುರಸ್ತಿಯಲ್ಲಿತ್ತು. ಅದಕ್ಕೂ ಕಣ್ಣಿಟ್ಟ, ಗುರುತು ಹಾಕಿದ, ಉಜ್ಜಿದ. ಸಹಿ ಹಾಕುವ ದಿನ ಇಂಜಿನಿಯರ್ ಮೇಡಂ ನಕ್ಷೆಯನ್ನು ಮೇಜಿನ ಮೇಲೆ ಹರಡಿಕೊಂಡು ಒಂದು ಕಡೆ ಬೆರಳಿಟ್ಟರು.

"ಮೇಸ್ತ್ರಿ, ಎಡಗಡೆ ಇಲ್ಲೊಂದು ಚುಕ್ಕೆ ಇದೆಯಲ್ಲ, ಏನದು?"

ಬುಗುರಿ ಬಾಗಿಲ ಬಳಿಯಿಂದಲೇ ಕತ್ತು ಚಾಚಿ ನೋಡಿದ. "ಅದಾ? ನೊಣ ಕೂತಿರ್ಬೇಕು ಮೇಡಂ."

"ನೊಣ ಇಷ್ಟು ಗುಂಡಗೆ ಕೂರುತ್ತಾ?"

"ಸರ್ಕಾರಿ ನೊಣ. ಸಂಬಳ ಬರುತ್ತೆ, ಕೆಲಸ ಇಲ್ಲ, ಗುಂಡಗಾಗದೆ ಇನ್ನೇನು? ಡಬ್ಬದೊಳಗಿಂದ ನನ್ನ ಕಣ್ಣಿಗೆ ಅಲ್ಲೇನೂ ಕಾಣ್ಲಿಲ್ಲ. ಸಹಿ ಹಾಕಿ."

ಮೇಡಂ ನಕ್ಕರು. ಇಬ್ಬರೂ ಸಹಿ ಹಾಕಿದರು.

ಪರೀಕ್ಷೆಯ ದಿನ ಬೆಳಗ್ಗೆ ಅವನ ಚಡಪಡಿಕೆಗೆ ಮನೆಯ ಗೋಡೆಗಳೇ ಬೆವರುತ್ತಿದ್ದವು. ಷರಟಿನ ಗುಂಡಿಗಳನ್ನು ಎರಡು ಸಲ ಹಾಕಿ ಬಿಚ್ಚಿದ. ಗ್ಯಾಸ್ ಆರಿಸಿದ್ದನ್ನು ನೋಡಿದ, ಮತ್ತೆ ನೋಡಿದ, ಆರಿದ್ದು ನಿಜವೋ ಎಂದು ಹಚ್ಚಿ ನೋಡಿದ.

"ರೀ, ಆ ಚಿಲಕ ನಾಲ್ಕು ಸಲ ಎಳೆದ್ರಿ" ಎಂದಳು ಹೆಂಡತಿ. "ಇನ್ನೊಂದ್ಸಲ ಎಳೆದ್ರೆ ಬಾಗಿಲೇ ಕೈಗೆ ಬರುತ್ತೆ. ಹೊತ್ಕೊಂಡು ಹೋಗಿ ಧಕ್ಕೆಗೆ."

"ಇವತ್ತು ನಿಜವಾದ ಕ್ಷಿಪಣಿ ಹಾರಿಸ್ತಾರೆ ಕಣೇ. ಗುಂಡಿ ಒತ್ತೋದು ಯಾರು ಗೊತ್ತಾ? ನಿನ್ನ ಅಳಿಯ, ನಿಧಾನಪ್ಪ."

"ನನ್ನ ಅಳಿಯ ಅಂತೆ! ಹುಡುಕಿ ತಂದವರು ಯಾರು?"

ನಿಧಾನಪ್ಪ ಎಂಬುದು ಮಾವ ಇಟ್ಟ ಹೆಸರು. ಅಳಿಯ ಅದೇ ಹಡಗಿನ ಲಾಂಚರಿನವನು. ಡೆಕ್ಕಿನ ಕೆಳಗೆ ಗೂಡಿಗೆ ನೇರವಾಗಿ ಒಂದು ಪುಟ್ಟ ಕೋಣೆ, ಅಲ್ಲಿ ಕೂತು ಪರದೆ ನೋಡಿ ಗುಂಡಿ ಒತ್ತುವುದು ಅವನ ಕೆಲಸ. ತೀರ ಸಮಾಧಾನದ ಮನುಷ್ಯ. ಹುಡುಗಿಯನ್ನು ಒಪ್ಪಿದ್ದೇನೆಂದು ಬಾಯಿ ಬಿಟ್ಟು ಹೇಳಲು ಅವನು ತೆಗೆದುಕೊಂಡಷ್ಟು ಹೊತ್ತಿನಲ್ಲಿ ಬೇರೆ ಯಾರಾದರೂ ಆಗಿದ್ದರೆ ಮೊಮ್ಮಕ್ಕಳನ್ನು ಕಂಡುಬಿಡುತ್ತಿದ್ದ. ಮಾವ ಮನೆಯೊಳಗೆ ಗಿರಕಿ ಹೊಡೆಯುವಾಗ, "ಮಾವ, ಸ್ವಲ್ಪ ಕೂತ್ಕೊಳ್ಳಿ, ನಿಮ್ಮನ್ನ ನೋಡಿ ಫ್ಯಾನಿಗೂ ಸುಸ್ತಾಗಿದೆ" ಎನ್ನುವನು. ಬುಗುರಿಗೆ ಅವನನ್ನು ಕಂಡರೆ ಮೈಯೆಲ್ಲ ಉರಿ. ಅವನು ಮನೆಗೆ ಬಾರದ ವಾರ ಇನ್ನೂ ಹೆಚ್ಚು ಉರಿ.

ಒಂಬತ್ತು ಗಂಟೆಗೆ ಹಡಗು ಧಕ್ಕೆ ಬಿಟ್ಟಿತು. ಪರೀಕ್ಷೆ ಮೂರು ಗಂಟೆಗೆ, ನಡುಗಡಲಿನಲ್ಲಿ. ಪೈಲಟ್ ಇಲ್ಲದ ಕೆಂಪು ಬಣ್ಣದ ಪುಟ್ಟ ವಿಮಾನವೊಂದನ್ನು ಹಡಗಿನ ಪಕ್ಕದಲ್ಲಿ ಹಾರಿಸುತ್ತಾರೆ, ಲಾಂಚರ್ ಅದನ್ನು ಹೊಡೆಯಬೇಕು. ನೋಡಲು ಎಂಟು ಮಂದಿ ದೊಡ್ಡವರು ಹಡಗು ಹತ್ತಿದ್ದರು. ಧಕ್ಕೆಯಲ್ಲಿ ನಿಂತವರೆಲ್ಲ ಕೈ ಬೀಸಿ ಚಹಾಕ್ಕೆ ಹೋದರು. ಬುಗುರಿ ಹೋಗಲಿಲ್ಲ; ಅಲ್ಲೇ ಶತಪಥ ತಿರುಗುತ್ತ ಹಡಗನ್ನೇ ನೋಡುತ್ತಿದ್ದ.

ಬಂದರಿನ ಬಾಯಿ ದಾಟುವ ಹೊತ್ತಿಗೆ ಹಡಗಿನ ಹಿಂಬದಿಯಲ್ಲಿ ಏನೋ ಎದ್ದು ನಿಂತಿತು. ನಿದ್ದೆಯಿಂದ ಎದ್ದು ಮೈಮುರಿದ ಮನುಷ್ಯನ ಹಾಗೆ, ನಿಧಾನವಾಗಿ, ನೆಟ್ಟಗೆ. ವೈರ್‌ಲೆಸ್ಸಿನ ಆಂಟೆನಾ ಕಂಬ. ಮೂರಾಳೆತ್ತರ, ಬೆತ್ತದಷ್ಟು ತೆಳು.

ಬುಗುರಿಯ ಕಾಲುಗಳು ನಿಂತುಬಿಟ್ಟವು. ಅವು ತಾವಾಗಿ ನಿಂತದ್ದು ಅದೇ ಮೊದಲು.

ಹಳೆಯ ಕಂಬ ಹೊಗೆಕೊಳವೆಯ ಪಕ್ಕದಲ್ಲಿತ್ತು. ದುರಸ್ತಿಯಲ್ಲಿ ವೈರ್‌ಲೆಸ್ಸಿನವರು ಅದನ್ನು ಕಿತ್ತು ಹಿಂದಕ್ಕೆ, ಎಡಗಡೆಗೆ ತಂದಿದ್ದಾರೆ. ಲಾಂಚರಿನಿಂದ ಹತ್ತು ಹೆಜ್ಜೆ. ಆ ಚುಕ್ಕೆ! ಬಂದರಿನಲ್ಲಿ ಕ್ರೇನುಗಳಿಗೆ ತಾಗದಿರಲೆಂದು ಇಂಥ ಕಂಬವನ್ನು ಡೆಕ್ಕಿನ ಅಂಚಿಗೆ ಮಲಗಿಸಿ ಕಟ್ಟಿರುತ್ತಾರೆ. ಅವನು ಡಬ್ಬದೊಳಗೆ ಕಣ್ಣಿಟ್ಟ ದಿನ ಅದು ಮಲಗಿತ್ತು. ಕಣ್ಣಿಗೆ ಬರೀ ಆಕಾಶ ಕಂಡಿತ್ತು. ನಕ್ಷೆ ಬರೆದವನು ಹಡಗು ನೋಡಿದ್ದನೋ ಇಲ್ಲವೋ, ಕಂಬ ಏಳುತ್ತದೆಂದು ಮಾತ್ರ ಅವನಿಗೆ ಗೊತ್ತಿತ್ತು.

ಕಂಬ ತೆಳುವಾದರೇನು, ಕ್ಷಿಪಣಿಯ ರೆಕ್ಕೆಗೆ ತಗುಲಿದರೆ ಸಾಕು. ಉರಿಯುವ ಬಾಲ ಹೊತ್ತು ಅದು ಡೆಕ್ಕಿನ ಮೇಲೆ ಬಿದ್ದು ಹೊರಳುತ್ತದೆ. ಪಕ್ಕದಲ್ಲಿ ಇನ್ನೂ ಏಳು ಕ್ಷಿಪಣಿಗಳು. ಕೆಳಗೆ ಪುಟ್ಟ ಕೋಣೆ. ಕೋಣೆಯಲ್ಲಿ ಎಂದೂ ಅವಸರ ಮಾಡದ ಒಬ್ಬ ಮನುಷ್ಯ.

ಬುಗುರಿ ಓಡಿದ. ಅವನ ಹಿಂದೆ ಎದ್ದ ಗಾಳಿಗೆ ಧಕ್ಕೆಯ ಮೂರು ಟೋಪಿಗಳು ನೀರಿಗೆ ಬಿದ್ದವೆಂದು ಈಗಲೂ ಹೇಳುತ್ತಾರೆ. ದಾರಿಯುದ್ದಕ್ಕೂ ತಲೆಯೊಳಗೆ ಒಂದು ಪುಟ್ಟ ದನಿ ಪಿಸುಗುಡುತ್ತಲೇ ಇತ್ತು: ವಿಮಾನ ಆ ಕಡೆಯಿಂದಲೇ ಬರಬೇಕೆಂದೇನಿದೆ? ಬಲಗಡೆಯಿಂದ ಬಂದರೆ ಯಾರಿಗೂ ಏನೂ ಗೊತ್ತಾಗದು. ಸಂಜೆ ಹಡಗು ಬರುತ್ತದೆ, ನಾಳೆ ಸದ್ದಿಲ್ಲದೆ ಉಜ್ಜಿಬಿಟ್ಟರಾಯಿತು, ನಲವತ್ತೊಂದೂ ನಲವತ್ತೊಂದಾಗಿಯೇ ಉಳಿಯುತ್ತದೆ. ಮೆಟ್ಟಿಲ ಬುಡದಲ್ಲಿ ಆ ದನಿ ಅವನನ್ನು ಒಂದು ಗಳಿಗೆ ತಡೆದು ನಿಲ್ಲಿಸಿತು ಕೂಡ. ಅವನು ಹಿಂದಕ್ಕೆ ಎರಡು ಹೆಜ್ಜೆ ಇಟ್ಟ, ಮುಂದಕ್ಕೆ ಎರಡು ಇಟ್ಟ, ಮತ್ತೆ ಹಿಂದಕ್ಕೆ ಒಂದು. ಆಮೇಲೆ ಮೂರು ಮೂರು ಮೆಟ್ಟಿಲು ಹಾರಿ ಮೇಡಂ ಕೋಣೆಯ ಬಾಗಿಲನ್ನು ಭುಜದಿಂದಲೇ ತೆರೆದ.

"ಮೇಡಂ, ಆ ಚುಕ್ಕೆ..."

ಮೇಡಂ ಅವನ ಮುಖ ನೋಡಿ ಚಹಾದ ಲೋಟ ಕೆಳಗಿಟ್ಟರು. "ಏನು ಮೇಸ್ತ್ರಿ, ನೊಣ ಎದ್ದು ನಿಂತ್ಕೊಳ್ತಾ?"

"ಮೂರಾಳೆತ್ತರ ನಿಂತ್ಕೊಂಡಿದೆ ಮೇಡಂ. ಆಂಟೆನಾ ಕಂಬ. ಕಚ್ಚಿಲ್ಲ. ನಾನು ಹಾಕಿಲ್ಲ."

ಮೇಡಂ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು. "ಕೆಳಗೆ ನನ್ನ ಸಹಿನೂ ಇದೆ" ಎಂದಷ್ಟೇ ಹೇಳಿ ವೈರ್‌ಲೆಸ್ ಕೋಣೆಗೆ ನಡೆದರು. ಮಾತಾಡುವ ಯಂತ್ರವನ್ನು ಅವನ ಕೈಗೇ ಕೊಟ್ಟರು. "ನೀವೇ ಹೇಳಿ. ನಾನು ಹೇಳಿದ್ರೆ ಕಾಗದ ಕೇಳ್ತಾರೆ. ನೀವು ಹೇಳಿದ್ರೆ ನಂಬ್ತಾರೆ."

ಆ ಕಡೆ ಕ್ಯಾಪ್ಟನ್ನರ ದನಿ, ಹಿಂದೆ ದೊಡ್ಡವರ ನಗೆ, ಕಪ್ಪುಸಾಸರಿನ ಸದ್ದು.

"ಯಾರದು? ಬುಗುರಿ ಮೇಸ್ತ್ರಿನಾ? ಏನಯ್ಯಾ, ದಡದಲ್ಲಿ ನಿಂತೂ ತಿರುಗ್ತಾ ಇದೀಯಾ?"

"ಸಾರ್, ಲಾಂಚರ್ ಹಾರಿಸ್ಬೇಡಿ. ಎಡಗಡೆ ಆಂಟೆನಾ ಕಂಬಕ್ಕೆ ಹೊಡೆಯುತ್ತೆ. ಅಲ್ಲಿ ಬಾಯಿ ಮುಚ್ಚಿಸೋ ಕಚ್ಚು ಇಲ್ಲ."

ಕಪ್ಪುಸಾಸರು ಸುಮ್ಮನಾದವು.

"ಕಚ್ಚು ಯಾಕಿಲ್ಲ?"

ಬುಗುರಿಯ ನಾಲಿಗೆಯ ತುದಿಯಲ್ಲಿ ವೈರ್‌ಲೆಸ್ಸಿನವರಿದ್ದರು. ನಮಗೆ ಹೇಳದೆ ಜರುಗಿಸಿದರು ಎನ್ನಬಹುದಿತ್ತು, ಅರ್ಧ ನಿಜವೂ ಆಗಿತ್ತು. "ನಾನು ನೋಡ್ಲಿಲ್ಲ ಸಾರ್" ಎಂದ. "ನಕ್ಷೇಲಿತ್ತು. ಮೇಡಂ ಕೇಳಿದ್ರು. ನಾನು ತಮಾಷೆ ಮಾಡಿ ಮುಗಿಸ್ದೆ. ತಪ್ಪು ನಂದು."

ಹಡಗಿನಲ್ಲಿ ಎಂಟು ಮಂದಿ ದೊಡ್ಡವರು, ವೈರ್‌ಲೆಸ್ ಕೋಣೆಯಲ್ಲಿ ಆರು ಮಂದಿ, ಬಾಗಿಲಲ್ಲಿ ಆಗಲೇ ನೆರೆದಿದ್ದ ಕಾರ್ಖಾನೆಯ ಅರ್ಧ ಜನ, ಎಲ್ಲರೂ ಕೇಳಿಸಿಕೊಂಡರು.

"ಕಂಬ ಮಲಗಿಸಿಬಿಟ್ರೆ?" ಎಂದರು ಕ್ಯಾಪ್ಟನ್, ತಮಗೆ ತಾವೇ, ಉತ್ತರವನ್ನೂ ತಾವೇ ಕೊಟ್ಟುಕೊಂಡರು. "ಆಗಲ್ಲ. ಕೆಂಪು ವಿಮಾನ ಹಾರಿಸೋರ ಜೊತೆ ಮಾತಾಡೋದು ಅದರಲ್ಲೇ." ಆಮೇಲೆ, "ಉಜ್ಜೋಕೆ ಎಷ್ಟು ಹೊತ್ತು ಬೇಕು?"

"ಒಂದು ಗಂಟೆ ಸಾರ್."

"ಹಾಗಾದ್ರೆ ಟಗ್ ದೋಣಿ ಹತ್ತು. ಮೂರು ಗಂಟೆಗೆ ಆ ಕಂಬ ನೋಡಿದ್ರೆ ಲಾಂಚರ್ ಬಾಯಿ ಮುಚ್ಚಿರ್ಬೇಕು. ಇಲ್ದಿದ್ರೆ ನಿನ್ನನ್ನೇ ಕಚ್ಚಿನ ಜಾಗದಲ್ಲಿ ನಿಲ್ಲಿಸ್ತೀನಿ."

ಮೂವತ್ತೊಂದು ವರ್ಷ ಹಡಗುಗಳ ಹೊಟ್ಟೆಯೊಳಗೆ ಓಡಾಡಿದ ಬುಗುರಿ ಮೇಸ್ತ್ರಿ ಒಂದು ದಿನವೂ ಕಡಲಿಗೆ ಹೋದವನಲ್ಲ. ಕಟ್ಟಿ ಹಾಕಿದ ಹಡಗು ಬಿಟ್ಟರೆ ಬೇರೆ ಹಡಗು ಅವನಿಗೆ ಗೊತ್ತಿರಲಿಲ್ಲ. ಟಗ್ಗು ಬಂದರಿನ ಬಾಯಿ ದಾಟಿದೊಡನೆ ಅವನ ಹೊಟ್ಟೆಯೂ ಬಾಯಿ ದಾಟಿತು. ಬೆಳಗಿನದು ಹೋಯಿತು, ಹಿಂದಿನ ದಿನದ್ದು ಹೋಯಿತು, ಮದುವೆಯ ದಿನ ಉಂಡದ್ದೂ ಹೋಯಿತೆಂದು ಅವನೇ ಆಮೇಲೆ ಆಣೆ ಮಾಡಿ ಹೇಳಿದ್ದಾನೆ. ಕೈಯಲ್ಲಿದ್ದ ಅರದ ಚೀಲವನ್ನು ಮಾತ್ರ ಬಿಡಲಿಲ್ಲ.

ಹಗ್ಗದ ಏಣಿಯ ತುದಿಯಲ್ಲಿ ಅಳಿಯ ಕೈ ಚಾಚಿ ನಿಂತಿದ್ದ.

"ನಿಧಾನ ಮಾವ, ನಿಧಾನ."

"ನಿಮ್ಮ ನಿಧಾನ ಸುಡ್ಲಿ! ಗಂಟೆ ಎಷ್ಟಾಯ್ತು ಅಳಿಯಂದ್ರೇ?"

"ಒಂದೂವರೆ. ನೀವು ಹಸಿರಾಗಿದೀರಿ ಮಾವ."

"ನನ್ನ ಬಣ್ಣ ಆಮೇಲೆ ನೋಡಿ. ಲಾಂಚರ್ ಬುಡದ ಮುಚ್ಚಳ ಬಿಚ್ಚಿ."

ಕಂಬವನ್ನು ಅವನು ಮೊದಲ ಸಲ ಹತ್ತಿರದಿಂದ ನೋಡಿದ. ಬಂದರಿನಲ್ಲಿ ಕಂಬವೆಂದರೆ ನಿಂತದ್ದು ನಿಂತಹಾಗೆ. ಇಲ್ಲಿ ಅದು ಗಾಳಿಗೆ ಚಾಟಿಯ ಹಾಗೆ ಆಚೆ ಬಾಗಿ ಈಚೆ ಬಾಗಿ ತೂಗುತ್ತಿತ್ತು. ಹಡಗು ಒಂದು ಕಡೆ ಹೊರಳಿದರೆ ಅದು ಇನ್ನೊಂದು ಕಡೆಗೆ. ಎರಡು ಬೆರಳಿನ ಲೆಕ್ಕ ಇದಕ್ಕೆ ಸಾಲದು. ಒಂದು ಡಬ್ಬ ಖಾಲಿ ಮಾಡಿಸಿ, ಕಣ್ಣಿಟ್ಟು, ಕಂಬ ಆಚೆ ಎಲ್ಲಿಯತನಕ ಹೋಗುತ್ತದೆ, ಈಚೆ ಎಲ್ಲಿಯತನಕ ಬರುತ್ತದೆ ಎಂದು ಎರಡು ಸುಣ್ಣದ ಗುರುತು ಹಾಕಿದ. ನಡುವೆ ಅಂಗೈಯಗಲ ಜಾಗ.

ಮೇಲೆ ನಿಂತಿದ್ದ ಕ್ಯಾಪ್ಟನ್ ಹೌಹಾರಿದರು. "ಅಷ್ಟಗಲನಾ? ಆ ಕಡೆಯಿಂದ ಬಂದವನನ್ನ ಹೊಡೆಯೋದು ಹೇಗಯ್ಯಾ? ಕುರುಡಾಗಿ ಹೋಗುತ್ತೆ ಲಾಂಚರ್. ಅರ್ಧ ಮಾಡು."

"ಸಾರ್, ಅದು ಒಂದು ಕಡೆ ನಿಲ್ಲೋ ಜಾತಿ ಅಲ್ಲ. ಆ ಜಾತಿ ನನಗೆ ಚೆನ್ನಾಗಿ ಗೊತ್ತು."

"ಅರ್ಧ ಸಾಕು ಅಂದೆ."

"ಸಾಲಲ್ಲ ಸಾರ್. ಅರ್ಧ ಮಾಡೋದಾದ್ರೆ ಬೇರೆಯವರನ್ನ ಕರೆಸಿ." ಹೇಳಿ ಮುಗಿಸುವಷ್ಟರಲ್ಲಿ ಬಕೆಟ್ಟಿನ ಕಡೆ ಬಗ್ಗಿದ. ಬಗ್ಗಿದವನ ಹತ್ತಿರ ವಾದ ಮಾಡುವುದು ಹೇಗೆಂದು ತಿಳಿಯದೆ ಕ್ಯಾಪ್ಟನ್ ಮೇಲಕ್ಕೆ ಹೋದರು.

ಆಮೇಲೆ ಒಂದೂಕಾಲು ಗಂಟೆ, ಲಾಂಚರಿನ ಬುಡದ ಸಂದಿಯಲ್ಲಿ, ತಲೆ ಒಳಗೆ, ಕಾಲು ಹೊರಗೆ. ಹಡಗು ಎಡಕ್ಕೆ ಹೊರಳಿದಾಗ ಅರವನ್ನು ಒತ್ತುವುದು, ಬಲಕ್ಕೆ ಹೊರಳಿದಾಗ ಹೊಟ್ಟೆಯನ್ನು ಒತ್ತಿಕೊಳ್ಳುವುದು. ಅಳಿಯ ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಬಕೆಟ್ಟು ಹಿಡಿದು ಪಕ್ಕದಲ್ಲಿ ಕೂತಿದ್ದ. ಹಿತ್ತಾಳೆಯ ಪುಡಿ ಇಬ್ಬರ ಹುಬ್ಬಿನ ಮೇಲೂ ಹೊಳೆಯುತ್ತಿತ್ತು.

"ಮಾವ, ನೀವು ಹೇಳ್ದೇ ಇದ್ದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ" ಎಂದ ಅಳಿಯ.

"ನಿಮಗೆ ಗೊತ್ತಾಗ್ತಿತ್ತು. ಬೆಳಕು ಈ ಕಡೆ ಹಿಡೀರಿ."

ಮೂರಕ್ಕೆ ಹತ್ತು ನಿಮಿಷ ಇರುವಾಗ ಪರೀಕ್ಷೆ ಮಾಡಿದರು. ಕ್ಷಿಪಣಿ ಸಿಡಿಸುವ ತಂತಿ ಕಳಚಿ, ಗುಂಡಿ ಒತ್ತಿ ಹಿಡಿದು, ಗೂಡನ್ನು ಒಂದು ಸುತ್ತು ತಿರುಗಿಸಿದರು. ಕಂಬದ ಕಡೆ ಬಂದೊಡನೆ ಟಕ್ಕೆಂದು ಗಾಲಿ ಕಚ್ಚಿಗೆ ಬಿತ್ತು, ಹಸಿರು ದೀಪ ಆರಿತು. ದಾಟಿದ ಮೇಲೆ ಹೊತ್ತಿಕೊಂಡಿತು. ಬುಗುರಿ ಇನ್ನೊಂದು ಸುತ್ತು ಎಂದ. ಮತ್ತೊಂದು ಎಂದ. ಆರನೆಯ ಸುತ್ತಿಗೆ ಅಳಿಯ ಅವನ ಕೈಯಿಂದ ಮೆಲ್ಲಗೆ ಅರ ತೆಗೆದುಕೊಂಡು, ತಂತಿ ಮತ್ತೆ ಸಿಕ್ಕಿಸಿ, ಕೆಳಗಿನ ಕೋಣೆಗೆ ಇಳಿದ.

ಹಾರಿಸುವಾಗ ಡೆಕ್ಕಿನ ಮೇಲೆ ಯಾರೂ ಇರುವಂತಿಲ್ಲ. ಬುಗುರಿಯನ್ನು ಕ್ಯಾಪ್ಟನ್ನರ ಕೋಣೆಯ ಮೂಲೆಯಲ್ಲಿ, ದೊಡ್ಡವರ ಹಿಂದೆ, ಕಬ್ಬಿಣದ ಕಂಬಿ ಹಿಡಿಸಿ ನಿಲ್ಲಿಸಿದರು. ನಿಂತಲ್ಲೇ ಅವನ ಹಿಮ್ಮಡಿಗಳು ನೆಲ ಕುಟ್ಟುತ್ತಿದ್ದವು. ಕೆಂಪು ವಿಮಾನ ಕಾಣಿಸಿತು. ಅಷ್ಟು ದೊಡ್ಡ ಕಡಲು ಸುತ್ತಲೂ ಬಿದ್ದಿದ್ದರೂ ಅದು ಬಂದದ್ದು ಎಡಗಡೆಯಿಂದಲೇ.

ಗೂಡು ಗಿರ್ರನೆ ತಿರುಗಿ ಅದನ್ನು ಹಿಡಿಯಿತು. ವಿಮಾನ ಸರಿದಂತೆ ಗೂಡೂ ಸರಿಯಿತು.

"ಹಾರಿಸು!" ಎಂದರು ಕ್ಯಾಪ್ಟನ್ ಫೋನಿನಲ್ಲಿ.

ಏನೂ ಆಗಲಿಲ್ಲ.

ಗೂಡಿನ ಎದುರಿಗೆ ಆಂಟೆನಾ ಕಂಬ ಬಾಗಿ ಬಾಗಿ ತೂಗುತ್ತಿತ್ತು. ಒಂದು ಸೆಕೆಂಡು. ದೊಡ್ಡವರಲ್ಲೊಬ್ಬರು ಗಂಟಲು ಸರಿಮಾಡಿಕೊಂಡರು. ಎರಡು ಸೆಕೆಂಡು. ಗೂಡು ಕಂಬವನ್ನು ದಾಟಿತು. ಆಗ ಹಡಗೇ ಒಡೆದಂಥ ಸದ್ದಿನೊಂದಿಗೆ ಕ್ಷಿಪಣಿ ಹೊರಟು, ಕಂಬದ ಪಕ್ಕದಲ್ಲೇ ಬಿಳಿಯ ಗೆರೆ ಎಳೆದುಕೊಂಡು, ಆಗಲೇ ದೂರ ಹೋಗಿದ್ದ ಕೆಂಪು ವಿಮಾನದ ಬಾಲದ ಹಿಂದೆ ಓಡಿ, ಸಿಕ್ಕದೆ, ಕಡಲಿಗೆ ಬಿತ್ತು. ವಿಮಾನ ಒಂದು ಗೀರೂ ಇಲ್ಲದೆ ಮನೆಗೆ ಹೋಯಿತು.

ದೊಡ್ಡವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕ್ಯಾಪ್ಟನ್ ಕಾಗದವೊಂದನ್ನು ಎಳೆದುಕೊಂಡು ಬರೆದರು: ಗುರಿ ತಪ್ಪಿತು, ಲಾಂಚರ್ ಎರಡು ಸೆಕೆಂಡು ತಡಮಾಡಿತು. "ಈ ತಡಕ್ಕೆ ಹೊಣೆ ಯಾರು ಅಂತ ಕೇಳ್ತಾರೆ ಮೇಸ್ತ್ರಿ. ಇಲ್ಲಿ ಯಾರ ಸಹಿ ಹಾಕಿಸ್ಲಿ?" ಎಂದು ಕೇಳಿ ಮುಗಿಸುವ ಮೊದಲೇ ಬುಗುರಿ ದೊಡ್ಡವರ ಸಂದಿಯಿಂದ ಕೈ ತೂರಿಸಿ ಪೆನ್ನು ಕಿತ್ತುಕೊಂಡಿದ್ದ. ಸಹಿಯನ್ನು ಎಷ್ಟು ಒತ್ತಿ ಹಾಕಿದನೆಂದರೆ ಅದು ಕೆಳಗಿನ ನಾಲ್ಕು ಹಾಳೆ ದಾಟಿ ಮೇಜಿನ ಮೇಲೆ ಮೂಡಿತು. ಬೇಕಿದ್ದವರು ಹೋಗಿ ನೋಡಬಹುದು.

ಡೆಕ್ಕಿನ ಬಾಗಿಲು ತೆರೆದೊಡನೆ ಅವನು ಹಿಂಬದಿಗೆ ಓಡಿದ. ಅಳಿಯ ಕೋಣೆಯಿಂದ ಮೇಲೆ ಹತ್ತಿ ಬಂದು ಕಂಬದ ಬುಡದಲ್ಲಿ ನಿಂತಿದ್ದ. ಮೇಲೆ ನೋಡುತ್ತಿದ್ದ. ಬಲಗೈಯನ್ನು ಎಡಗೈಯಿಂದ ಬಿಗಿಯಾಗಿ ಹಿಡಿದುಕೊಂಡಿದ್ದ.

"ಮಾವ" ಎಂದ. "ಕ್ಯಾಪ್ಟನ್ ಹಾರಿಸು ಅಂದ ತಕ್ಷಣ ನಾನು ಒತ್ತಿದ್ದೆ. ಆ ಎರಡು ಸೆಕೆಂಡೂ ಗುಂಡಿ ಪೂರ್ತಿ ಒಳಗೇ ಇತ್ತು."

ಬುಗುರಿಯ ಬಾಯಲ್ಲಿ ಹತ್ತು ಮಾತು ಒಟ್ಟಿಗೆ ಬಂದು ಬಾಗಿಲಲ್ಲಿ ಸಿಕ್ಕಿಕೊಂಡವು. ಹೊರಬಿದ್ದದ್ದು ಒಂದೇ.

"ಊಟ ಆಯ್ತಾ ಅಳಿಯಂದ್ರೇ?"

"ಇನ್ನೂ ಇಲ್ಲ ಮಾವ. ನೀವು?"

ಮಾವ ಎರಡೂ ಕೈಯಲ್ಲಿ ಡೆಕ್ಕಿನ ಅಂಚಿನ ಕಟಾಂಜನ ಹಿಡಿದು ಕಡಲಿನ ಕಡೆಗೆ ಬಗ್ಗಿದ.